ಮಣ್ಣಿನ ಲೋಹವೂ ಪೈರಿನ ಲೋಹವೂ

ಒಂದು ಕಾಲಕ್ಕೆ ಪಾಳೆಯಗಾರರ ನೆಲೆಯಾಗಿದ್ದ ಹಾಗಲವಾಡಿ ಇಂದು ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ. ಅದಕ್ಕೆ ನೆರೆಯದಾದ ಚಿಕ್ಕನಾಯಕನಹಳ್ಳಿ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸುಗಳ ಅದಿರು ಉಂಟು. ಅಕ್ರಮ ಗಣಿಗಾರಿಕೆಯ ಹಾವಳಿಯನ್ನು ಕಂಡು ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟಿನಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಗಣಿಗಳನ್ನು ತಡೆಯಿತು. 2013ರಲ್ಲಿ ಷರತ್ತುಗಳೊಡನೆ ಕೆಲವಕ್ಕೆ ಅನುಮತಿ ನೀಡಿತು. ಆದರೆ ಗಣಿ ನಿಂತರೂ ಮಳೆನೀರಿನೊಡನೆ ಹೊಲಕ್ಕೆ ಇಳಿದ ಹೂಳು ಅಲ್ಲಿಯೇ ಉಳಿಯುತ್ತದೆ. ಇಂತಹ ಹೊಲದಲ್ಲಿ ಬೆಳೆದ ರಾಗಿಯನ್ನು ನಿಶ್ಚಿಂತೆಯಿಂದ ಉಣ್ಣಬಹುದೆ? ಇದನ್ನು ನಿರ್ಣಯಿಸುವ ಬಗೆಯನ್ನು ನೋಡೋಣ.

ಲೋಹವಿಲ್ಲದ ಮಣ್ಣೇ ಇಲ್ಲ. ಬಂಡೆ ಶಿಥಿಲವಾಗಿ ಮಣ್ಣಾದಾಗ ಅದರ ಲೋಹಗಳೂ ಮಣ್ಣನ್ನು ಸೇರುತ್ತವೆ. ಅದಿರಿನ ಸೀಮೆಯಲ್ಲಂತೂ ಇವು ಸಹಜವಾಗಿಯೇ ಹೆಚ್ಚು. ಆದುದರಿಂದ ಗಣಿಯ ಸೋಂಕು ತಗಲದ, ಆದರೆ ಅದೇ ಬಗೆಯ ಬಂಡೆಯಿಂದಾದ ಮಣ್ಣನ್ನು ಹೋಲಿಕೆಗಾಗಿ ಮೊದಲು ಆರಿಸಿಕೊಳ್ಳಬೇಕು.

ಹೊಲದ ಹಲವೆಡೆಗಳಿಂದ ಸುಮಾರು 15 ಸೆಂಟಿಮೀಟರು ಆಳದವರೆಗಿನ ಮಣ್ಣನ್ನು ತೆಗೆದು ಬೆರೆಸುತ್ತೇವೆ. ಸಲಿಕೆಯ ಲೋಹ ಮಣ್ಣಿಗೆ ಸೇರದಂತೆ ಮರದ ಅಥವಾ ಪ್ಲಾಸ್ಟಿಕ್ಕಿನ ಉಪಕರಣವನ್ನು ಬಳಸುತ್ತೇವೆ. ನೆರಳಿನಲ್ಲಿ ಒಣಗಿಸಿ, ಜರಡಿ ಹಿಡಿದು, ಪ್ರಬಲ ಆಮ್ಲಗಳಲ್ಲಿ ಕಾಯಿಸಿದರೆ ಲೋಹಗಳು ದ್ರಾವಣಕ್ಕೆ ಇಳಿಯುತ್ತವೆ. ಈ ದ್ರಾವಣವನ್ನು ಜ್ವಾಲೆಯೊಳಗೆ ಸಿಂಪಡಿಸಿ, ಪ್ರತಿಯೊಂದು ಲೋಹದ ಪರಮಾಣುಗಳು ಹೀರುವ ವಿಶಿಷ್ಟ ಬೆಳಕನ್ನು ಅಳೆಯಬಹುದು. ಆಸ್ಟ್ರೇಲಿಯದ ಅಲನ್ ವಾಲ್ಷ್ 1955ರಲ್ಲಿ ತೋರಿಸಿಕೊಟ್ಟ ವಿಧಾನವಿದು.

ಬಂದ ಅಂಕಿಯನ್ನು ತೂಗುವುದು ಹೇಗೆ? ಜರ್ಮನಿಯ ಮ್ಯುಲರ್ 1969ರಲ್ಲಿ ಒಂದು ಸೂಚ್ಯಂಕವನ್ನು ಮುಂದಿಟ್ಟನು. ಸಹಜ ಪ್ರಮಾಣವು ತಾಣದಿಂದ ತಾಣಕ್ಕೆ ಏರಿಳಿಯುವುದರಿಂದ ಅದನ್ನು ಒಂದೂವರೆಯಿಂದ ಗುಣಿಸಿ, ಆ ಗುಣಲಬ್ಧದಿಂದ ಹೊಲದ ಪ್ರಮಾಣವನ್ನು ಭಾಗಿಸಿ, ಫಲಕ್ಕೆ ಎರಡರ ಆಧಾರದ ಲಾಗರಿತಮ್ ತೆಗೆಯಬೇಕು. ಸಹಜ ಪ್ರಮಾಣ 20, ಹೊಲದ್ದು 60 ಎಂದುಕೊಳ್ಳೋಣ: 60ನ್ನು 30ರಿಂದ ಭಾಗಿಸಿದರೆ 2, ಸೂಚ್ಯಂಕ 1. ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಣ್ಣು ಮಲಿನವಾಗಿಲ್ಲವೆಂದು ಅರ್ಥ.

ಇಷ್ಟರಿಂದ ಊಟದ ಪ್ರಶ್ನೆ ಬಗೆಹರಿಯದು. ಮಣ್ಣಿನಲ್ಲಿರುವುದೆಲ್ಲ ಪೈರಿಗೆ ಏರುವುದಿಲ್ಲ. ಸೀಸವು ಬಹುಮಟ್ಟಿಗೆ ಬೇರಿನಲ್ಲಿಯೇ ತಡೆದು ನಿಲ್ಲುತ್ತದೆ; ಕ್ಯಾಡ್ಮಿಯಮ್ ಸುಲಭವಾಗಿ ಎಲೆಗೇರುತ್ತದೆ. ಮಣ್ಣು ಹುಳಿಯಾದಷ್ಟೂ ಮ್ಯಾಂಗನೀಸು ಹೆಚ್ಚು ಕರಗುತ್ತದೆ. ಸುಣ್ಣ ಹಾಕಿದರೆ ತಗ್ಗುತ್ತದೆ. ಆದುದರಿಂದ ಬೇರು, ಎಲೆ, ಕಾಳುಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುತ್ತೇವೆ. ಎಲೆಗಳಲ್ಲಿ ಅರ್ಧವನ್ನು ತೊಳೆದು, ಅರ್ಧವನ್ನು ತೊಳೆಯದೆ ಅಳೆದರೆ, ಮೇಲೆ ಕುಳಿತ ಧೂಳೆಷ್ಟು, ಒಳಗೆ ಸೇರಿದ ಲೋಹವೆಷ್ಟು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಧೂಳಾದರೆ ನೀರಿನಿಂದ ತೊಳೆದುಹೋದೀತು. ಒಳಗಿನ ಲೋಹ ಹೋಗದು.

ಹೊಲ ಕೆಟ್ಟಿದೆಯೆಂದು ಮಣ್ಣಿನ ಬಣ್ಣವೊಂದನ್ನೇ ನೋಡಿ ಹೆದರುವುದೂ ಸಲ್ಲದು, ಪೈರು ಹಸಿರಾಗಿದೆಯೆಂದು ನೆಮ್ಮದಿ ತಾಳುವುದೂ ಸಲ್ಲದು. ಮಣ್ಣು, ಪೈರು ಎರಡನ್ನೂ ಅಳೆದು ಕಾಳಿನ ಮಾತನ್ನು ಕೇಳಿದ ಮೇಲೆಯೇ ತೀರ್ಪು ಹೇಳುವುದು ಉಚಿತ.