ಮನೆಯೊಳಗಣ ಬೀಟೆ

ನಮ್ಮ ಹಳೆಯ ಮನೆಗಳಲ್ಲಿ ಹಿರಿಯರ ಕಾಲದ ಕರಿಯ ಮಂಚವೋ ಪೆಟ್ಟಿಗೆಯೋ ಒಂದಾದರೂ ಇರುವುದುಂಟು. ಹೊಸ ಸಾಮಾನು ಬಂದೊಡನೆ ಅದನ್ನು ಗುಜರಿಯವನಿಗೆ ಒಪ್ಪಿಸಿಬಿಡುವ ಗೃಹಸ್ಥರೂ ಉಂಟು. ಹಾಗೆ ಮಾಡುವ ಮೊದಲು ಅದು ಯಾವ ಮರದ್ದೆಂದು ವಿಚಾರಿಸುವುದು ಲೇಸು. ಅದು ಬೀಟೆಯಾಗಿದ್ದರೆ, ಅದಕ್ಕೆ ಸಮನಾದುದನ್ನು ಮತ್ತೆ ಸಂಪಾದಿಸುವುದು ಸುಲಭವಲ್ಲ.

ಸಸ್ಯಶಾಸ್ತ್ರಜ್ಞರು ಡಾಲ್ಬರ್ಜಿಯ ಲ್ಯಾಟಿಫೋಲಿಯ ಎಂದು ಕರೆಯುವ ಈ ಮರವು ಅವರೆ, ಹುರುಳಿಗಳ ಕುಟುಂಬಕ್ಕೆ ಸೇರಿದುದು. ಕೊಡಗು, ಮೈಸೂರು, ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳ ಕಾಡುಗಳಲ್ಲಿ ಬಹು ನಿಧಾನವಾಗಿ ಬೆಳೆಯುತ್ತದೆ. ಕಾಂಡದ ಹೊರಭಾಗವು ಬೆಳ್ಳಗಿದ್ದು ಬೇಗನೆ ಹುಳುವಿಗೆ ತುತ್ತಾಗುತ್ತದೆ. ಒಳಗಣ ಚೇಗಾದರೋ ಕಂದು, ನೇರಳೆ ಬಣ್ಣಗಳಿಂದ ಕೂಡಿ, ಕಪ್ಪು ಗೆರೆಗಳಿಂದ ಶೋಭಿಸುತ್ತದೆ. ಗೆದ್ದಲಿಗೂ ಸುಲಭವಾಗಿ ಬಗ್ಗುವುದಿಲ್ಲ. ಒಣಗಿದ ತೇಗವು ಘನ ಅಡಿಗೆ ಸುಮಾರು 18 ಕಿಲೋಗ್ರಾಂ ತೂಗಿದರೆ, ಬೀಟೆಯು ಸುಮಾರು 24 ಕಿಲೋಗ್ರಾಂ ತೂಗುತ್ತದೆ.

ಬಡಗಿಗೆ ಈ ಮರವು ಬೇಗನೆ ವಶವಾಗುವಂಥದಲ್ಲ. ಎಳೆಗಳು ಒಂದರೊಡನೊಂದು ಹೆಣೆದುಕೊಂಡಿರುವುದರಿಂದ ಕೀಸುವಾಗ ಕಿತ್ತುಬರುತ್ತವೆ. ಕೆಲವೊಮ್ಮೆ ಮರದೊಳಗೆ ಸುಣ್ಣದಂಥ ಗಟ್ಟಿ ಪದಾರ್ಥವು ಸೇರಿಕೊಂಡು ಉಳಿಯ ಬಾಯಿಯನ್ನು ಮೊಂಡುಮಾಡುತ್ತದೆ. ಆದರೆ ಸಹನೆಯಿಂದ ಕೆಲಸಮಾಡಿದವನಿಗೆ ಅದು ಕೊಡುವ ನುಣುಪೂ ಮೆರುಗೂ ಅಪೂರ್ವವಾದುವು. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ದಂತವನ್ನು ಕೂಡಿಸಿದ ಬೀಟೆಯ ಬಾಗಿಲನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ದಂತದ ವ್ಯಾಪಾರವು ಈಗ ನಿಷಿದ್ಧವಾದುದರಿಂದ, ಮೈಸೂರಿನ ಕುಶಲಿಗಳು ಬೀಟೆಯ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರಗಳ ತುಂಡುಗಳನ್ನು ಕೂಡಿಸಿ ಚಿತ್ರಗಳನ್ನು ರಚಿಸುತ್ತಾರೆ.

ಬೇರೆ ಮರಕ್ಕೆ ಕಪ್ಪು ಬಣ್ಣವನ್ನು ಬಳಿದು ಬೀಟೆಯೆಂದು ಮಾರುವುದೂ ಉಂಟು. ಆದುದರಿಂದ ಕೊಳ್ಳುವವರು ಮೇಲಣ ಹೊಳಪನ್ನು ನಂಬದೆ, ಸಾಮಾನಿನ ಅಡಿಭಾಗವನ್ನು ನೋಡಬೇಕು. ಬಳಿದ ಬಣ್ಣವು ಸವೆದ ಎಡೆಯಲ್ಲಿ ಬಿಳಿಚಿಕೊಳ್ಳುತ್ತದೆ. ಬೀಟೆಯ ಬಣ್ಣವಾದರೋ ಮರದೊಳಗೇ ಇರುತ್ತದೆ.

ಮನೆಯಲ್ಲಿರುವ ಬೀಟೆಗೆ ದಪ್ಪನೆಯ ಬಣ್ಣವನ್ನು ಬಳಿದು ಗೆರೆಗಳನ್ನು ಮುಚ್ಚಬಾರದು. ಒಣಬಟ್ಟೆಯಿಂದ ಧೂಳನ್ನು ಒರಸಿ, ಬಿಸಿಲು ನೀರುಗಳಿಂದ ದೂರವಿರಿಸಿದರೆ ಸಾಕು. ಸಂದು ಸಡಿಲವಾದರೆ ಬಲ್ಲ ಬಡಗಿಯನ್ನು ಕರೆಯಿಸಿ ಬಿಗಿಗೊಳಿಸಬೇಕು. ಮೆರುಗು ಮಾಸಿದರೆ ಅರಗಿನ ಮೆರುಗೆಣ್ಣೆಯನ್ನು ತೆಳುವಾಗಿ ಹಚ್ಚಿಸಬಹುದು.

ಕಾಡಿನಲ್ಲಿ ಬೀಟೆಯು ವಿರಳವಾಗುತ್ತಿದೆ. 2017ರಿಂದ ಈ ಜಾತಿಯ ಮರಗಳ ವಿದೇಶವ್ಯಾಪಾರವು ಅಂತರರಾಷ್ಟ್ರೀಯ ಒಪ್ಪಂದವೊಂದರ ನಿಯಂತ್ರಣಕ್ಕೆ ಒಳಪಟ್ಟಿದೆ. ಇಂದು ನೆಟ್ಟ ಸಸಿಯು ಬೆಳೆದು ಚೇಗು ತುಂಬುವುದನ್ನು ನಾವು ಕಾಣಲಾರೆವು. ನಮ್ಮ ಮೊಮ್ಮಕ್ಕಳು ಕಂಡಾರು. ಹಿರಿಯರು ಬಿಟ್ಟುಹೋದ ಮಂಚವೊಂದನ್ನು ದುರಸ್ತಿಮಾಡಿಸಿ ಬಳಸಿದರೆ, ಅಷ್ಟರಮಟ್ಟಿಗೆ ಹೊಸ ಮರವೊಂದನ್ನು ಕಡಿಯುವುದು ತಪ್ಪುತ್ತದೆ. ಗೃಹಸ್ಥನಿಗೆ ಇದು ಉಳಿತಾಯವೂ ಹೌದು, ಧರ್ಮವೂ ಹೌದು.