ಅರಗಿನ ತಟ್ಟೆ, ಗಾಜಿನ ವಾಲ್ವು

ಗದಗಿನ ಪೇಟೆಯಲ್ಲಿ ಒಂದು ಅಂಗಡಿ. ಒಳಗೆ ಗ್ರಾಮಫೋನು ತಿರುಗುತ್ತಿದೆ. ಶಾಲೆಯಿಂದ ನೆಟ್ಟಗೆ ಮನೆಗೆ ಹೋಗಬೇಕಾದ ಹುಡುಗನೊಬ್ಬ ಹೊರಗೆ ನಿಂತುಬಿಟ್ಟಿದ್ದಾನೆ. ತಟ್ಟೆಯಿಂದ ಬರುತ್ತಿರುವುದು ಉಸ್ತಾದ್ ಅಬ್ದುಲ್ ಕರೀಂ ಖಾನರ ದನಿ, ಜಿಂಜೋಟಿ ರಾಗದ ಠುಮರಿ. ಇಂಥ ಹಾಡು ತನಗೂ ಬರಬೇಕು ಎಂಬ ಹಟ ಹಿಡಿದ ಆ ಹುಡುಗ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಮುಂದೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು ಪಂಡಿತ ಭೀಮಸೇನ ಜೋಶಿಯಾದದ್ದು, 2008ರಲ್ಲಿ ಭಾರತರತ್ನ ಪಡೆದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅಂಗಡಿಯೊಳಗಿನ ಆ ಯಂತ್ರದ ಬಗ್ಗೆ ಮಾತ್ರ ಯಾರೂ ಹೆಚ್ಚು ಯೋಚಿಸಿದಂತಿಲ್ಲ. ಅದಕ್ಕೆ ವಿದ್ಯುತ್ತು ಬೇಕಿರಲಿಲ್ಲ. ಕೀಲಿ ಕೊಟ್ಟರೆ ಸಾಕು, ಒಂದು ಸ್ಪ್ರಿಂಗು, ಒಂದು ಉಕ್ಕಿನ ಪಿನ್ನು, ಒಂದು ಅಭ್ರಕದ ಬಿಲ್ಲೆ ಇಷ್ಟರಿಂದಲೇ ಮೀರಜಿನ ಗಾಯಕರು ಗದಗಿನ ಬೀದಿಗೆ ಬಂದು ಹಾಡುತ್ತಿದ್ದರು.

ಗದಗಿನಿಂದ ಹುಬ್ಬಳ್ಳಿಯ ಹಾದಿ ಹಿಡಿದರೆ ಸುಮಾರು ಹತ್ತು ಕಿಲೋಮೀಟರಿಗೆ ಹುಲಕೋಟಿ. ಸಹಕಾರಿ ಸಂಸ್ಥೆಗಳಿಗೆ ಹೆಸರಾದ ಊರು, ಸುತ್ತ ಎರಿಭೂಮಿ. ಹತ್ತಿ, ಮೆಣಸಿನಕಾಯಿ ಕೈಹಿಡಿದ ವರ್ಷ ತಂದ ರೇಡಿಯೋ, ಮದುವೆಯಲ್ಲಿ ಬಂದ ರಿಕಾರ್ಡ್ ಪ್ಲೇಯರು, ಅಜ್ಜನ ಕಾಲದ ಪೆಟ್ಟಿಗೆ ಗ್ರಾಮಫೋನು ಇಂಥ ಊರುಗಳ ಅಟ್ಟದ ಮೇಲೆ ಕಾಳಿನ ಚೀಲಗಳ ಹಿಂದೆ ಇನ್ನೂ ಕೂತಿರುತ್ತವೆ. ಗುಜರಿಯವನು ಬಂದಾಗ ಅವಕ್ಕೆ ತೂಕದ ಲೆಕ್ಕ. ಆದರೆ ಅವನ್ನು ಕೆಳಗಿಳಿಸಿ, ಧೂಳು ಕೊಡವಿ, ಮತ್ತೆ ಮಾತಾಡಿಸುವ ಹವ್ಯಾಸದವರೂ ಅಲ್ಲಲ್ಲಿ ಇದ್ದಾರೆ. ಹೆಂಡತಿ ಮಕ್ಕಳ ನಗೆಚಾಟಿಕೆಗೆ ಗುರಿಯಾಗಿಯೂ ಬಿಡದ ಚಟ ಇದು.

ಗ್ರಾಮಫೋನಿನ ಹಳೆಯ ತಟ್ಟೆ ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ಪಾಂಡವರ ಅರಗಿನ ಮನೆಯ ಅರಗೇ. ಅದಕ್ಕೆ ನುಣ್ಣನೆಯ ಕಲ್ಲಿನ ಪುಡಿ, ಹತ್ತಿಯ ಎಳೆ, ಕಾಡಿಗೆ ಬೆರೆಸಿ ಬಿಸಿಯಲ್ಲಿ ಅಚ್ಚೊತ್ತುತ್ತಿದ್ದರು. ಕಲ್ಲಿನ ಪುಡಿ ಏಕೆ ಎಂದರೆ ಅದರಲ್ಲೊಂದು ಜಾಣತನವಿದೆ. ಉಕ್ಕಿನ ಪಿನ್ನು ಮೊದಲ ಕೆಲವು ಸುತ್ತುಗಳಲ್ಲಿ ತಟ್ಟೆಗೆ ಉಜ್ಜಿ ಸವೆದು ಗಾಡಿಯ ಅಳತೆಗೆ ಸರಿಯಾಗಿ ಕೂರುತ್ತದೆ. ಪಿನ್ನು ಸವೆಯಬೇಕು, ತಟ್ಟೆ ಉಳಿಯಬೇಕು. ಅದಕ್ಕೇ ಪ್ರತಿ ಬದಿಗೂ ಹೊಸ ಪಿನ್ನು ಎಂಬ ನಿಯಮ. ಜಿಪುಣತನದಿಂದ ಒಂದೇ ಪಿನ್ನಿನಲ್ಲಿ ಹತ್ತು ಹಾಡು ಕೇಳಿದ ಮನೆಗಳ ತಟ್ಟೆಗಳಲ್ಲಿ ಈಗ ಹಾಡಿಗಿಂತ ಸರಸರ ಸದ್ದೇ ಹೆಚ್ಚು.

ನಿಮಿಷಕ್ಕೆ 78 ಸುತ್ತು, ಹತ್ತು ಅಂಗುಲದ ತಟ್ಟೆ, ಒಂದು ಬದಿಗೆ ಮೂರು ನಿಮಿಷದ ಆಸುಪಾಸು. ಗಂಟೆಗಟ್ಟಲೆ ಹಾಡುವ ರಾಗವನ್ನು ಗಾಯಕರು ಇಷ್ಟರಲ್ಲೇ ಮುಗಿಸಬೇಕಿತ್ತು. ನಮ್ಮ ಸೀಮೆಯ ಎಷ್ಟೋ ಕಂಠಗಳು ಹೀಗೆ ಮೂರು ನಿಮಿಷದ ಅಳತೆಯಲ್ಲಿ ಉಳಿದಿವೆ. ಮಲ್ಲಿಕಾರ್ಜುನ ಮನಸೂರರು ಎಚ್‌ಎಂವಿಯಲ್ಲಿ ಸಂಗೀತ ನಿರ್ದೇಶಕರಾಗಿದ್ದವರು. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಹಾಡಿನ ತಟ್ಟೆಗಳಿಗೆ ದೇಶವೆಲ್ಲ ಗಿರಾಕಿ. ಗಂಗೂಬಾಯಿ ಹಾನಗಲ್ಲರದಂತೂ ವಿಶೇಷ. ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ದನಿ ಗಂಡುದನಿಯಂತೆ ಗಂಭೀರವಾಯಿತು. ಲೋಕಕ್ಕೆ ಪರಿಚಯವಿರುವುದು ಆ ದನಿಯೇ. ಅದಕ್ಕೂ ಮೊದಲಿನ ಎಳೆಯ, ಏರುದನಿ ಹೇಗಿತ್ತು ಎಂದು ತಿಳಿಯಬೇಕಾದರೆ 1930ರ ದಶಕದ ಅರಗಿನ ತಟ್ಟೆಗಳಿಗೇ ಹೋಗಬೇಕು. ಅಂಥ ತಟ್ಟೆ ಅಟ್ಟದಿಂದ ಜಾರಿ ಬಿತ್ತೆಂದರೆ ಹಂಚಿನಂತೆ ಚೂರು.

ಹವ್ಯಾಸಿಯ ನಿಜವಾದ ಇಕ್ಕಟ್ಟು ಇರುವುದೂ ಇಲ್ಲೇ. ಹಳೆಯ ಗ್ರಾಮಫೋನಿನ ಸೌಂಡ್‌ಬಾಕ್ಸು ನೂರು ಗ್ರಾಂ ಮೀರಿದ ಭಾರವನ್ನು ಒಂದು ಪಿನ್ನಿನ ಮೊನೆಯ ಮೇಲೆ ಹೇರುತ್ತದೆ. ಎಷ್ಟೇ ಹೊಸ ಪಿನ್ನು ಹಾಕಿದರೂ ಪ್ರತಿ ಸಲ ಕೇಳಿದಾಗ ತಟ್ಟೆ ಒಂದಿಷ್ಟು ಸವೆಯುತ್ತದೆ. ಆ ಕಾಲದ ಯಂತ್ರದಲ್ಲಿ ಆ ಕಾಲದ ತಟ್ಟೆ ಕೇಳುವ ಸುಖವೇ ತಟ್ಟೆಯನ್ನು ತಿನ್ನುತ್ತದೆ! ಬಲ್ಲವರು ಕಂಡುಕೊಂಡ ದಾರಿಯೆಂದರೆ, ಬೇರೆಲ್ಲೂ ಸಿಗದ ತಟ್ಟೆಯನ್ನು ಯಂತ್ರದ ಮೇಲೆ ಇಡುವುದೇ ಇಲ್ಲ. ಕೆಲವೇ ಗ್ರಾಂ ಭಾರದ ವಿದ್ಯುತ್ ಪಿಕಪ್ಪಿನಲ್ಲಿ ಒಮ್ಮೆ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ಇದಕ್ಕೂ ಎಲ್‌ಪಿಯ ಮುಳ್ಳು ಸಲ್ಲದು. ಎಲ್‌ಪಿಯ ಮುಳ್ಳಿನ ಮೊನೆ ಸುಮಾರು 25 ಮೈಕ್ರಾನು, 78ರ ಗಾಡಿಗೆ ಬೇಕಾದದ್ದು ಸುಮಾರು 75. ಚಿಕ್ಕ ಮುಳ್ಳು ಗಾಡಿಯ ತಳದ ಕಸದಲ್ಲಿ ಹೊರಳಾಡುತ್ತದೆಯೇ ಹೊರತು ಹಾಡನ್ನು ಮುಟ್ಟುವುದಿಲ್ಲ. ಇನ್ನು ಉಕ್ಕಿನ ಪಿನ್ನಿನಲ್ಲಿ ಎಲ್‌ಪಿ ನುಡಿಸಹೊರಟರೆ ಒಂದೇ ಸಲಕ್ಕೆ ಅದರ ಕಥೆ ಮುಗಿಯಿತು.

ಗ್ರಾಮಫೋನಿನ ಮೋಟಾರಿಗೆ ಬರುವ ರೋಗ ಹೆಚ್ಚಿನ ಪಾಲು ಗ್ರೀಸಿನದು. ದಶಕಗಳ ಗ್ರೀಸು ಒಣಗಿ ಮೇಣವಾಗಿ ಸ್ಪ್ರಿಂಗಿನ ಸುತ್ತುಗಳನ್ನು ಅಂಟಿಸಿಬಿಡುತ್ತದೆ. ಸುತ್ತು ಬಿಚ್ಚಿಕೊಳ್ಳುವಾಗ ಧಡಕ್ಕನೆ ಸದ್ದು, ಹಾಡಿನಲ್ಲಿ ಒಂದು ಮುಗ್ಗರಿಕೆ. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ಹಚ್ಚಬಹುದು. ಆದರೆ ಡಬ್ಬಿಯಲ್ಲಿ ಸುತ್ತಿಟ್ಟ ಆ ಉಕ್ಕಿನ ಪಟ್ಟಿ ಕೈಜಾರಿ ಹೊರಬಂದರೆ ಬೆರಳು ಕತ್ತರಿಸುವಷ್ಟು ಕೋಪಿಷ್ಠ. ತಿಳಿದವರ ಜೊತೆ ಕೂತು ಒಮ್ಮೆ ನೋಡದೆ ಕೈಹಾಕಬಾರದು. ಸೌಂಡ್‌ಬಾಕ್ಸಿನಲ್ಲಿ ಅಭ್ರಕದ ಬಿಲ್ಲೆಯನ್ನು ಎರಡೂ ಕಡೆಯಿಂದ ಹಿಡಿದಿರುವ ರಬ್ಬರ್ ಬಳೆ ಕಲ್ಲಾದರೆ ಹಾಡು ಗೊಗ್ಗರಾಗುತ್ತದೆ. ಸೈಕಲ್ಲಿನ ವಾಲ್ವ್ ಟ್ಯೂಬನ್ನು ಅಳತೆಗೆ ಕತ್ತರಿಸಿ ಅಲ್ಲಿ ಕೂರಿಸಿ ನೋಡುವವರುಂಟು.

ವೇಗ ಸರಿಯಿದೆಯೇ ಎಂದು ನೋಡುವ ಉಪಾಯ ಹೈಸ್ಕೂಲಿನ ಮಕ್ಕಳಿಗೂ ಹಿಡಿಸುವಂಥದು. ಕಾಗದದ ಬಿಲ್ಲೆಯ ಅಂಚಿಗೆ ಸಮದೂರದಲ್ಲಿ 77 ಕಪ್ಪು ಗೆರೆ ಎಳೆದು ತಟ್ಟೆಯ ಮೇಲಿಟ್ಟು, ಹಳೆಯ ಚೋಕಿನ ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಬೇಕು. ನಮ್ಮ ವಿದ್ಯುತ್ತಿನ ಆವರ್ತನ 50. ದೀಪ ಸೆಕೆಂಡಿಗೆ 100 ಸಲ, ನಿಮಿಷಕ್ಕೆ 6000 ಸಲ ಮಿನುಗುತ್ತದೆ. 6000ವನ್ನು 77ರಿಂದ ಭಾಗಿಸಿದರೆ 78ಕ್ಕೆ ಕೂದಲೆಳೆಯಷ್ಟು ಕಡಿಮೆ. ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ, ಹೆಚ್ಚಾದರೆ ಮುಂದಕ್ಕೆ ಹರಿಯುತ್ತವೆ, ಕಡಿಮೆಯಾದರೆ ಹಿಂದಕ್ಕೆ. ಎಲ್‌ಪಿಗಾದರೆ 180 ಗೆರೆ. ಈಗಿನ ಎಲ್‌ಇಡಿ ದೀಪಗಳಲ್ಲಿ ಬಹಳಷ್ಟು ಹಾಗೆ ಮಿನುಗುವುದಿಲ್ಲವಾದ್ದರಿಂದ ಮನೆಯಲ್ಲೊಂದು ಹಳೆಯ ಟ್ಯೂಬು ಉಳಿಸಿಕೊಳ್ಳುವುದು ಒಳ್ಳೆಯದು.

ಎಲ್‌ಇಡಿಯ ತಕರಾರು ರೇಡಿಯೋಕ್ಕೂ ಉಂಟು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಮುಂದೆ ಈ ಭಾಗದ ಮರ್ಫಿ, ಫಿಲಿಪ್ಸ್, ಬುಷ್ ಪೆಟ್ಟಿಗೆಗಳ ಗಾಜಿನ ಮೇಲೆ ಧಾರವಾಡ ಸಿಗುವ ಜಾಗಕ್ಕೆ ಪೆನ್ಸಿಲಿನ ಗುರುತು ಬಿತ್ತು. ಲೈಸೆನ್ಸು ಪುಸ್ತಕ ಹಿಡಿದು ಪೋಸ್ಟಾಫೀಸಿಗೆ ವರ್ಷಕ್ಕೊಮ್ಮೆ ಹಣ ಕಟ್ಟುತ್ತಿದ್ದ ಕಾಲ ಅದು. ಅಂಥ ಸೆಟ್ಟನ್ನು ಇಂದು ರಿಪೇರಿ ಮಾಡಿ ಹಚ್ಚಿದರೆ ಮೊದಲು ಕೇಳುವುದು ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳ ಗೊರಗೊರ. ಕರೆಂಟು ಹೋದಾಗ ಮೀಡಿಯಂ ವೇವ್ ಎಷ್ಟು ಸ್ವಚ್ಛ! ಆದರೆ ಆಗ ವಾಲ್ವ್ ರೇಡಿಯೋವೂ ಸುಮ್ಮನಿರುತ್ತದೆ.

ದಶಕಗಳಿಂದ ಮೂಲೆಯಲ್ಲಿದ್ದ ರೇಡಿಯೋವನ್ನು ಕೆಳಗಿಳಿಸಿದ ಕೂಡಲೇ ಪ್ಲಗ್ಗಿಗೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಒಳಗಿನ ಎಲೆಕ್ಟ್ರೊಲಿಟಿಕ್ ಕಂಡೆನ್ಸರು ಒಣಗಿರುತ್ತದೆ. 250 ವೋಲ್ಟಿನಷ್ಟು ಡಿಸಿ ಏರಿದರೆ ಸಿಡಿಯಬಹುದು, ಟ್ರಾನ್ಸ್‌ಫಾರ್ಮರನ್ನೂ ಸುಡಬಹುದು. ಮೇಣ ಹಚ್ಚಿದ ಕಾಗದದ ಕಂಡೆನ್ಸರು ಸೋರತೊಡಗಿದರೆ ಕೊನೆಯ ವಾಲ್ವಾದ ಇಎಲ್ 84ರ ಗ್ರಿಡ್ಡಿಗೆ ಬೇಡದ ವೋಲ್ಟೇಜು ಹೋಗಿ ಅದು ಕೆಂಪಗೆ ಕಾದು ಸಾಯುತ್ತದೆ. ಕಂಡೆನ್ಸರು ಕೆಲವು ರೂಪಾಯಿಯ ವಸ್ತು. ವಾಲ್ವು ಹಾಗಲ್ಲ, ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರೋಡು, ಮುಂಬಯಿಯ ಲ್ಯಾಮಿಂಗ್ಟನ್ ರೋಡು ಸುತ್ತಬೇಕು. ಮೊದಲ ಪರೀಕ್ಷೆಗೆ ಹಳೆಯ ಮೆಕ್ಯಾನಿಕ್‌ಗಳ ವಿದ್ಯೆ ಇಂದಿಗೂ ಸಾಟಿಯಿಲ್ಲದ್ದು: ಅರವತ್ತೋ ನೂರೋ ವ್ಯಾಟಿನ ತಂತಿಬಲ್ಬನ್ನು ಸರಣಿಯಲ್ಲಿ ಜೋಡಿಸಿ ಕರೆಂಟು ಕೊಡುವುದು. ಸೆಟ್ಟಿನೊಳಗೆ ಶಾರ್ಟಾಗಿದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಸೆಟ್ಟು ಬದುಕುತ್ತದೆ. ಬಲ್ಬು ಒಮ್ಮೆ ಬೆಳಗಿ ಮಂದವಾದರೆ ಮುಂದುವರಿಯಬಹುದು.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಎಸಿ, ಡಿಸಿ ಎರಡಕ್ಕೂ ನಡೆಯುವ ಕೆಲವು ಹಳೆಯ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರೇ ಇಲ್ಲ. ಕಬ್ಬಿಣದ ಚಾಸಿ ನೇರವಾಗಿ ಮನೆಯ ವಿದ್ಯುತ್ತಿಗೆ ಸೇರಿರುತ್ತದೆ. ಗುಂಡಿ ಬಿದ್ದುಹೋಗಿ ಹೊರಚಾಚಿದ ಕಬ್ಬಿಣದ ಕಡ್ಡಿಯನ್ನು ತಿರುವಲು ಹೋದವನಿಗೆ ಅದು ಕೊನೆಯ ರೇಡಿಯೋ ಆಗಬಹುದು. ಸ್ವಿಚ್ಚು ತೆಗೆದ ಮೇಲೂ ಕಂಡೆನ್ಸರಿನಲ್ಲಿ ವಿದ್ಯುತ್ತು ಕೂತಿರುತ್ತದೆ. ಅದನ್ನು ರೆಸಿಸ್ಟರಿನ ಮೂಲಕ ಇಳಿಸದೆ ಒಳಗೆ ಬೆರಳಿಡಬಾರದು.

ಎರಿಮಣ್ಣಿನ ಧೂಳು ಈ ಕಡೆಯ ಯಂತ್ರಗಳ ಪ್ರತ್ಯೇಕ ಶತ್ರು. ಸ್ಟೇಶನ್ ಹಿಡಿಯುವ ಗ್ಯಾಂಗ್ ಕಂಡೆನ್ಸರಿನ ತೆಳು ತಗಡುಗಳ ನಡುವೆ ಸೇರಿಕೊಂಡರೆ ತಿರುವಿದಾಗಲೆಲ್ಲ ಚರಚರ. ಮೆತ್ತನೆಯ ಬ್ರಷ್ಷಿನಿಂದ ಕೊಡವಬೇಕು, ತಗಡು ಬಾಗಬಾರದು. ಹಳೆಯ ಅಗ್ಗದ ರಿಕಾರ್ಡ್ ಪ್ಲೇಯರುಗಳಿಗಾದರೆ ಮಳೆಗಾಲವೇ ವೈರಿ. ಅವುಗಳ ಕ್ರಿಸ್ಟಲ್ ಪಿಕಪ್ಪಿನೊಳಗಿನ ರೋಶೆಲ್ ಲವಣದ ಹರಳು ಒತ್ತಿದರೆ ವಿದ್ಯುತ್ತು ಕೊಡುತ್ತದೆ; ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ ಗುಣ. ಆದರೆ ಅದು ಲವಣವೇ ಆದ್ದರಿಂದ ತೇವ ಕುಡಿದು ಸತ್ತುಹೋಗುತ್ತದೆ. ಸತ್ತದ್ದಕ್ಕೆ ಔಷಧವಿಲ್ಲ, ಬದಲಿಗೆ ಸೆರಾಮಿಕ್ ಪಿಕಪ್ಪು ಹಾಕಬೇಕು.

ಈಚೆಗೆ ಇನ್ನೊಂದು ಹುಚ್ಚು ಬಂದಿದೆ. ಹಳೆಯ ರೇಡಿಯೋದ ಕರುಳನ್ನೆಲ್ಲ ಕಿತ್ತೆಸೆದು, ತೇಗದ ಪೆಟ್ಟಿಗೆಗೆ ಪಾಲಿಶ್ ಮಾಡಿ, ಒಳಗೊಂದು ಬ್ಲೂಟೂತ್ ಬೋರ್ಡು ಕೂರಿಸಿ ಪಡಸಾಲೆಯಲ್ಲಿಡುವುದು. ನೋಡಲು ಚೆಂದವೇ. ಪೂರ್ತಿ ಸುಟ್ಟುಹೋದ ಸೆಟ್ಟಿಗಾದರೆ ಆಕ್ಷೇಪವಿಲ್ಲ. ಹತ್ತು ಕಂಡೆನ್ಸರು ಬದಲಿಸಿದರೆ ಹಾಡುವ ಸೆಟ್ಟಿಗೂ ಇದೇ ಗತಿ ಕಾಣಿಸುವುದು ಮಾತ್ರ ಅನ್ಯಾಯ. ಹೊಳೆಯುವ ಹಿತ್ತಾಳೆ ಕಹಳೆ, ನಾಯಿಯ ಚಿತ್ರ ಅಂಟಿಸಿಕೊಂಡು ಮುಂಬಯಿಯ ಚೋರ್ ಬಜಾರಿನಂಥಲ್ಲಿ ಕೂತಿರುವ ‘ನೂರು ವರ್ಷದ’ ಗ್ರಾಮಫೋನುಗಳ ಬಗ್ಗೆಯೂ ಹುಷಾರಾಗಿರಬೇಕು. ಬಹಳಷ್ಟು ಅಲ್ಲಿಂದ ಇಲ್ಲಿಂದ ಬಿಡಿಭಾಗ ಕೂಡಿಸಿ ಈಚೆಗೆ ಕಟ್ಟಿದವು. ಕಹಳೆಯಿಲ್ಲದ, 1931ರಲ್ಲಿ ಬಂದ ಎಚ್‌ಎಂವಿ 102ರಂಥ ಕಪ್ಪು ಸೂಟ್‌ಕೇಸಿನ ಯಂತ್ರ ನೋಡಲು ಬಡವ, ಹಾಡಲು ಶ್ರೀಮಂತ.

ತಟ್ಟೆ ತೊಳೆಯುವವರು ಸ್ಪಿರಿಟ್ಟು ಮುಟ್ಟಬಾರದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಹಾಡೂ ಅದರ ಜೊತೆಗೆ ಹೋಗುತ್ತದೆ. ಮೆದು ಸೋಪಿನ ನೀರಿನಲ್ಲಿ ಲೇಬಲ್ಲು ನೆನೆಯದಂತೆ ತೊಳೆದು, ಒಡನೆ ಒರೆಸಿ, ಹೊಸ ಕಾಗದದ ಚೀಲದಲ್ಲಿ ನೆಟ್ಟಗೆ ನಿಲ್ಲಿಸಬೇಕು; ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಸೀಳುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಚಾವಣಿಯ ಕೆಳಗಿನ ಅಟ್ಟ ತಟ್ಟೆಗೆ ಒಲೆಯೇ ಸರಿ. ಡೊಂಕಾದ ತಟ್ಟೆಯನ್ನು ಎರಡು ದಪ್ಪ ಗಾಜಿನ ನಡುವೆ ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಇಟ್ಟು, ನೆರಳಿಗೆ ತಂದು, ಗಾಜು ತೆಗೆಯದೆ ತಣಿಯಲು ಬಿಟ್ಟರೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಪಕ್ಕದಲ್ಲೇ ಕೂತು ಕಾಯಬೇಕು, ಮಧ್ಯಾಹ್ನದ ಬಿಸಿಲಿಗಂತೂ ಇಡುವಂತಿಲ್ಲ.