ಬೆನ್ನು ತೋರಿಸೋ ಫೋಟೊ

ಟಿವಿದಾಗ ಮುಸ್ಲಿಂ ಹೆಣ್ಮಕ್ಕಳ ಸುದ್ದಿ ಬಂತಂದ್ರ ಏನ್ ಕಾಣ್ತದ್ರಿ? ಬುರ್ಖಾ ತೊಟ್ಟು ನಡೆದು ಹೋಗೋರ ಬೆನ್ನು. ಸುದ್ದಿ ತಲಾಖ್‌ದಿರಲಿ, ಪರೀಕ್ಷೆ ರಿಸಲ್ಟಿನದಿರಲಿ, ಅದೇ ಬೆನ್ನು!

ಸೇಡಂ, ಚಿತ್ತಾಪುರ, ಚಿಂಚೋಳಿ ಕಡಿ ಮನ್ಯಾಗ ದಖ್ಖನಿ ಉರ್ದು, ಸಂತ್ಯಾಗ ಕನ್ನಡದಾಗ ಚೌಕಾಸಿ ಮಾಡೋ ಹೆಣ್ಮಕ್ಕಳು ಎಷ್ಟ್ ಮಂದಿ! ಸಿನಿಮಾದಾಗ ಆ ದಖ್ಖನಿ ಬರೋದು ಬಹಳ ಸಲ ನಗಸ್ಲಾಕಷ್ಟೇ.

ಬ್ಯಾರೆ ಥರದ ಸಿನಿಮಾನೂ ಅದಾವ. ಗಿರೀಶ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’, 2008. ಗುಲಾಬಿ ಸೂಲಗಿತ್ತಿ, ಸಿನಿಮಾ ಹುಚ್ಚಿ. ಹೆರಿಗಿ ಮಾಡಿಸಿದ್ದಕ್ಕ ಡಿಶ್ ಟಿವಿ ಸಿಗ್ತದ. ಓಣಿ ಹೆಂಗಸರೆಲ್ಲ ಅಕಿ ಮನ್ಯಾಗ. ಧರ್ಮಕ್ಕಿಂತ ಮೊದ್ಲು ಅಕಿ ಹುಚ್ಚು ಕಾಣ್ತದಲ್ಲ, ಅದೇ ನನಗ ಸೇರಿದ್ದು. ಗುಲಾಬಿ ಪಾತ್ರಕ್ಕ ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ಬಂತು. 2004ರ ‘ಹಸೀನಾ’ ಸಿನಿಮಾಕ್ಕ ತಾರಾಗೂ ಬಂದಿತ್ತು.

‘ಹಸೀನಾ’ ಹುಟ್ಟಿದ್ದು ಹಾಸನದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ. ಇವರ ಕಥೆಗಳ ‘ಹಾರ್ಟ್ ಲ್ಯಾಂಪ್’ಗೇ 2025ರಾಗ ಅಂತರರಾಷ್ಟ್ರೀಯ ಬೂಕರ್. ಅದಕ್ಕೂ ದಶಕಗಳ ಹಿಂದ ಕಾಸರಗೋಡಿನ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದ್ರು. ಇಬ್ಬರೂ ಒಳಗಿಂದ ಬರೆದವರು, ಯಾರ ಮುಲಾಜಿಗೂ ಬೀಳದೆ.

ಹಾಸನ ಆಯ್ತು, ಕರಾವಳಿ ಆಯ್ತು. ವಾಡಿ ಸಿಮೆಂಟ್ ಧೂಳಿನಾಗ, ಶಹಾಬಾದ್ ಕಲ್ಲಿನ ಗಣಿ ಬಾಜೂಕ ಬೆಳೆದ ಹುಡುಗಿ ಕಥಿ ಎಲ್ಲ್ಯಾರ ನೋಡೀರೇನು? ನೋಡಿದ್ರ ಹೆಸರು ಕಾಮೆಂಟಿನಾಗ ಹಾಕ್ರಿ.